ಬೀಸುವ ಕಲ್ಲಿನ ಮುಂದೆ ಕುಳಿತವಳು: ಯೆರೆಮಿಯಾಸರ ಸ್ತ್ರೀಚಿತ್ರದ ವಿಮರ್ಶೆ

ಮುಸುಕುಹಾಕಿಕೊಂಡು, ಪರಪುರುಷರೊಡನೆ ಮಾತಿಲ್ಲದೆ, ಮನೆಯೊಳಗೇ ಬಾಳಿದ ಯೆಹೂದ್ಯ ಸ್ತ್ರೀಯ ಚಿತ್ರ ನಮ್ಮ ಪ್ರಸಂಗಪೀಠಗಳಿಗೆ ಚಿರಪರಿಚಿತ. ಅದಕ್ಕೆ ಪಾಂಡಿತ್ಯದ ಬಲ ಕೊಟ್ಟ ಕೃತಿಗಳಲ್ಲಿ ಯೋವಾಕಿಮ್ ಯೆರೆಮಿಯಾಸರ 'ಯೇಸುವಿನ ಕಾಲದ ಯೆರೂಸಲೇಮ್' ಮುಖ್ಯವಾದದ್ದು. 1969ರಲ್ಲಿ ಇಂಗ್ಲಿಷಿಗೆ ಬಂದ ಈ ಗ್ರಂಥದ ಕೊನೆಯಲ್ಲಿ ಸ್ತ್ರೀಯರ ಸಾಮಾಜಿಕ ಸ್ಥಾನವನ್ನು ಕುರಿತ ಒಂದು ಭಾಗವಿದೆ.

ಯೆರೆಮಿಯಾಸರಿಗೆ ಅನ್ಯಾಯ ಮಾಡಬಾರದು. ಹಳ್ಳಿಗಳಲ್ಲಿಯೂ ಬಡವರ ಮನೆಗಳಲ್ಲಿಯೂ ಈ ಕಟ್ಟುಪಾಡು ನಡೆಯಲಿಲ್ಲವೆಂದೂ ಅಲ್ಲಿನ ಹೆಂಗಸರು ನೀರಿಗೆ, ಹೊಲಕ್ಕೆ, ವ್ಯಾಪಾರಕ್ಕೆ ಹೋಗುತ್ತಿದ್ದರೆಂದೂ ಅವರೇ ಒಪ್ಪುತ್ತಾರೆ. ಆದರೆ ಅದನ್ನು ಅಪವಾದವೆಂಬಂತೆ ಹೇಳುತ್ತಾರೆ. ಜನಸಂಖ್ಯೆಯಲ್ಲಿ ಆ ಅಪವಾದವೇ ಬಹುಪಾಲು! ಅವರು ಆಧರಿಸುವ ಫಿಲೋ ಬರೆದದ್ದು ಅಲೆಕ್ಸಾಂದ್ರಿಯದಲ್ಲಿ. ಅವನ ಕಣ್ಣೆದುರಿಗಿದ್ದದ್ದು ಶ್ರೀಮಂತ ಮನೆತನಗಳು.

ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಷ್ನಾದ ಬಳಕೆಯಲ್ಲಿಯೂ ಎಚ್ಚರ ಬೇಕು. ಅದರ ಕೆತುಬೋತ್ ಭಾಗವು ಹೆಂಡತಿಯ ಕೆಲಸಗಳನ್ನು ಎಣಿಸುತ್ತದೆ: ಬೀಸುವುದು, ರೊಟ್ಟಿ ಸುಡುವುದು, ಬಟ್ಟೆ ಒಗೆಯುವುದು, ಅಡುಗೆ, ಮೊಲೆಯೂಡಿಸುವುದು, ಹಾಸಿಗೆ ಹಾಸುವುದು, ಉಣ್ಣೆಯ ಕೆಲಸ. ಅವಳು ಒಬ್ಬ ದಾಸಿಯನ್ನು ತಂದಿದ್ದರೆ ಮೊದಲ ಮೂರು ಬಿಡುಗಡೆ. ನಾಲ್ವರನ್ನು ತಂದಿದ್ದರೆ ಪೀಠದ ಮೇಲೆ ಕುಳಿತಿರಬಹುದು. ಇದು ವಿಧಿ, ವರದಿಯಲ್ಲ. ವಿಧಿಗಿಂತ ನಂಬಲರ್ಹವಾದವು ಅದೇ ಮಿಷ್ನಾದಲ್ಲಿ ಬೇರೆ ಪ್ರಸ್ತಾಪಗಳ ನಡುವೆ ಸುಳಿದುಹೋಗುವ ಮಾತುಗಳು. ಸಬ್ಬತ್ ವರ್ಷದ ನಿಯಮದಲ್ಲಿ ಸಂಶಯಾಸ್ಪದಳಾದ ನೆರೆಯವಳಿಗೂ ಜರಡಿ, ಬೀಸುವ ಕಲ್ಲು, ಒಲೆಗಳನ್ನು ಎರವಲು ಕೊಡಬಹುದು, ಜೊತೆಗೆ ಕುಳಿತು ಬೀಸಬಾರದು. ಯೂದಾಯದಲ್ಲಿ ಉಣ್ಣೆಬಟ್ಟೆಯನ್ನೂ ಗಲಿಲಾಯದಲ್ಲಿ ನಾರುಬಟ್ಟೆಯನ್ನೂ ಹೆಂಗಸರಿಂದಲೇ ಕೊಳ್ಳಬಹುದು. ಮಾರುವವಳಿಲ್ಲದೆ ಇಂಥ ನಿಯಮ ಹುಟ್ಟುವುದೆಂತು?

ಕರ್ತನ ಸಾಮ್ಯಗಳು ಈ ಲೋಕದವು. ಬೀಸುವ ಇಬ್ಬರು, ದೀಪ ಹಚ್ಚಿ ನಾಣ್ಯ ಹುಡುಕುವವಳು, ಹಿಟ್ಟಿಗೆ ಹುಳಿ ಕಲಸುವವಳು. ಆ ಹಿಟ್ಟು ಮೂರು ಸಾತ, ಅಂದರೆ ನಲವತ್ತು ಲೀಟರಿಗೆ ಸಮೀಪ. ಅದನ್ನು ಮೂರು ಸೇರೆಂದು ಓದಿದರೆ ಸಾಮ್ಯದ ಬೆರಗು ತಪ್ಪುತ್ತದೆ. ಕೇಳಿದ ಹೆಂಗಸರಿಗೆ ಮಾತ್ರ ಅಷ್ಟು ಬೀಸುವುದೆಂದರೇನೆಂದು ತೋಳೇ ಹೇಳುತ್ತಿತ್ತು. ನಮ್ಮ ಅಜ್ಜಿಯರಿಗೂ ವ್ಯಾಖ್ಯಾನ ಬೇಕಾಗುತ್ತಿರಲಿಲ್ಲ.

ಲೂಕ 18ರ ವಿಧವೆಯನ್ನೂ ಹೀಗೆಯೇ ನೋಡಬೇಕು. 1961ರಲ್ಲಿ ಮೃತಸಮುದ್ರದ ಪಶ್ಚಿಮದ ಗುಹೆಯೊಂದರಲ್ಲಿ ದೊರೆತ ಪತ್ರಗಳಲ್ಲಿ ಬಾಬತಾ ಎಂಬ ಯೆಹೂದ್ಯ ವಿಧವೆ ಕಾಣಿಸುತ್ತಾಳೆ. ತಬ್ಬಲಿ ಮಗನಿಗೆ ತಿಂಗಳಿಗೆ ಎರಡೇ ದಿನಾರಿ ಕೊಡುತ್ತಿದ್ದ ಪೋಷಕರ ವಿರುದ್ಧ ಅವಳು ಕ್ರಿ.ಶ. 125ರ ಸುಮಾರಿಗೆ ರೋಮನ್ ಅಧಿಪತಿಯ ತನಕ ಹೋದಳು. ಅವಳಿಗೆ ಖರ್ಜೂರದ ತೋಟಗಳಿದ್ದವು, ಬಡವಳಲ್ಲ. ಆದರೂ ಅಕ್ಷರ ಬಾರದೆ ಬೇರೊಬ್ಬರಿಂದ ಬರೆಯಿಸಿದಳು. ಬಂದಿಯೂ ಅಲ್ಲ, ಸ್ವತಂತ್ರಳೂ ಅಲ್ಲ.

ಕತ್ತಲೆಯ ಚಿತ್ರ ನಮಗೇಕೆ ಇಷ್ಟು ಪ್ರಿಯ? ಹಿನ್ನೆಲೆ ಕಪ್ಪಾದಷ್ಟೂ ಕ್ರಿಸ್ತನು ಬೆಳಗುವನೆಂಬ ಎಣಿಕೆ. ಯೆಹೂದ್ಯ ವಿದ್ವಾಂಸೆ ಏಮಿ-ಜಿಲ್ ಲೆವಿನ್ ಈ ಚಾಳಿಯನ್ನು ಕಟುವಾಗಿ ಟೀಕಿಸಿದ್ದಾರೆ, ಟೀಕೆ ನ್ಯಾಯವಾದದ್ದು. ಪಿತೃಪ್ರಾಧಾನ್ಯವಿತ್ತು, ಅದು ರೋಮಿನಲ್ಲಿಯೂ ಇತ್ತು. ಅದನ್ನು ಯೆಹೂದ್ಯರ ತಲೆಗೇ ಕಟ್ಟಿದರೆ ಮರಿಯಳೂ ಮಾರ್ಥಳೂ ತಮ್ಮ ಜನಾಂಗವನ್ನು ಬಿಟ್ಟು ಯೇಸುವಿನ ಬಳಿಗೆ ಬಂದಂತಾಗುತ್ತದೆ. ಆತನೂ ಆ ಜನಾಂಗದವನೇ ಎಂಬುದು ಮರೆಯುತ್ತದೆ. ಯೋಹಾನಳೂ ಸುಸನ್ನಳೂ ಊರೂರಿಗೆ ಜೊತೆಯಾಗಿ ನಡೆದು ತಮ್ಮ ಆಸ್ತಿಯಿಂದ ಉಪಚರಿಸಿದರೆಂದು ಲೂಕನು ಯಾವ ಅಚ್ಚರಿಯೂ ಇಲ್ಲದೆ ಬರೆಯುತ್ತಾನೆ. ಆ ಆಸ್ತಿ ಎಲ್ಲಿಂದ ಬಂತು, ಆ ದಾರಿಯಲ್ಲಿ ಅವರನ್ನು ಏಕೆ ಯಾರೂ ತಡೆಯಲಿಲ್ಲ ಎಂಬುದಕ್ಕೆ ಯೆರೆಮಿಯಾಸರ ಚಿತ್ರದಲ್ಲಿ ಉತ್ತರವಿಲ್ಲ.