ಆಟ ಬಿಟ್ಟು ಹೋದವರನ್ನು ಕೇಳಿದವರು ಯಾರು?

ಗುಂಪು ಆಟವೊಂದು ಮುಗಿದ ಮೇಲೆ ಆಡಿದವರನ್ನು ‘ಹೇಗಿತ್ತು?’ ಎಂದು ಕೇಳುವುದು ವಾಡಿಕೆ. ಬಂದ ಉತ್ತರಗಳನ್ನು ಕೂಡಿಸಿ ಮುಂದಿನ ಆಟವನ್ನು ತಿದ್ದುವುದೂ ವಾಡಿಕೆಯೇ. ಆದರೆ ಉತ್ತರ ಕೊಟ್ಟವರೆಷ್ಟು, ಕೊಡದವರೆಷ್ಟು ಎಂದು ನೀವು ಎಂದಾದರೂ ಎಣಿಸಿದ್ದೀರಾ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಗಣಕ ಆಟಗಳ ಅಧ್ಯಯನದಲ್ಲಿ ಹೆಸರಾದ ಒಂದು ಪ್ರಬಂಧವನ್ನು ಇಲ್ಲಿ ಪರಿಶೀಲಿಸೋಣ. ಅದನ್ನು ಬರೆದವರು ರಿಚರ್ಡ್ ಬಾರ್ಟಲ್; ಪ್ರಕಟವಾದ ವರ್ಷ 1996.

ಮಡ್ ಎಂಬ ಆಟ

ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟವನ್ನು ಬರೆಯತೊಡಗಿದರು. ಅದನ್ನು ಮುಂದೆ ಬೆಳೆಸಿದವರು ಬಾರ್ಟಲ್. ಅದರಲ್ಲಿ ಚಿತ್ರಗಳಿರಲಿಲ್ಲ; ಎಲ್ಲವೂ ಅಕ್ಷರಗಳಲ್ಲೇ. ಒಂದೇ ಸರ್ವರಿನಲ್ಲಿರುವ ಕಲ್ಪಿತ ಲೋಕಕ್ಕೆ ಅನೇಕರು ಏಕಕಾಲದಲ್ಲಿ ಪ್ರವೇಶಿಸಿ, ತಮಗೊಂದು ಪಾತ್ರ ಕಟ್ಟಿಕೊಂಡು, ಕೂಡಿ ಸಾಹಸ ಮಾಡುತ್ತಿದ್ದರು. ನಮ್ಮ ದೊಡ್ಡಾಟದಲ್ಲೂ ಪಾತ್ರ ಕಟ್ಟುತ್ತಾರೆ. ಆದರೆ ಅಲ್ಲಿ ಕಥೆ ಮೊದಲೇ ಗೊತ್ತು, ನೋಡುವವರು ಬೇರೆ, ಆಡುವವರು ಬೇರೆ. ಮಡ್‌ನಲ್ಲಿ ಕಥೆ ಮೊದಲೇ ತೀರ್ಮಾನವಾಗಿಲ್ಲ, ಎಲ್ಲರೂ ಆಡುವವರೇ.

ಇಂತಹ ಒಂದು ವಾಣಿಜ್ಯ ಮಡ್‌ನಲ್ಲಿ 1989ರ ನವೆಂಬರ್‌ನಿಂದ 1990ರ ಮೇ ತಿಂಗಳವರೆಗೆ ‘ಜನರಿಗೆ ಈ ಆಟದಿಂದ ಬೇಕಾದದ್ದೇನು?’ ಎಂಬ ಚರ್ಚೆ ಬಿರುಸಾಗಿ ನಡೆಯಿತು. ಏನು ಇಷ್ಟ, ಏನು ಬೇಡ, ಏನನ್ನು ಬದಲಾಯಿಸಬೇಕು ಎಂದು ನೂರಾರು ಬರಹಗಳು ಬಂದವು. ಇವುಗಳನ್ನು ಓದಿದ ಬಾರ್ಟಲ್ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಇಸ್ಪೀಟೆಲೆಯ ಒಂದೊಂದು ಗುರುತನ್ನು ಕೊಟ್ಟರು. ಅಂಕ, ಸಂಪತ್ತು ಗಳಿಸುವ ಸಾಧಕರು ಡೈಮಂಡು. ಲೋಕದ ಮೂಲೆಮೂಲೆ ಹುಡುಕುವ ಅನ್ವೇಷಕರು ಇಸ್ಪೀಟು. ಮಾತುಕತೆಗಾಗಿ ಬರುವ ಸ್ನೇಹಶೀಲರು ಆಟೀನು. ಇತರರನ್ನು ಕಾಡಿ ಖುಷಿಪಡುವ ಹಂತಕರು ಕಳಾವರ್.

ಪ್ರಬಂಧದ ಗುಣ

ಇದರ ಮೊದಲ ಗುಣವೆಂದರೆ, ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ಅದು ಗೊಂದಲವೆಂದು ತಳ್ಳಿಹಾಕಲಿಲ್ಲ. ಒಂದೇ ಆಟವನ್ನು ಒಬ್ಬ ಹೊಗಳಿ ಇನ್ನೊಬ್ಬ ತೆಗಳಿದರೆ ಇಬ್ಬರೂ ನಿಜ ಹೇಳುತ್ತಿರಬಹುದು; ಅವರು ಬಂದ ಉದ್ದೇಶಗಳೇ ಬೇರೆ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ದೊಡ್ಡ ಸಾಹಸಗಳಿಗೆ 40 ಜನರ ತಂಡ ಬೇಕಿತ್ತು. 2007ರ ವಿಸ್ತರಣೆಯಲ್ಲಿ ಬಂದ ಹೊಸ ಸಾಹಸಗಳು 25 ಮತ್ತು 10 ಜನರ ತಂಡಗಳಿಗೆ ಇಳಿದವು. ಮುಂದೆ ನಿಂತು ಪೆಟ್ಟು ತಿನ್ನುವವನಿಗೂ ಹಿಂದೆ ನಿಂತು ಗಾಯ ಮಾಯಿಸುವವನಿಗೂ ಇಂತಹ ಸಾಹಸ ಒಂದೇ ರೀತಿ ಕಾಣುವುದಿಲ್ಲ. ಇಬ್ಬರ ಉತ್ತರಗಳ ಸರಾಸರಿ ತೆಗೆದರೆ ಅದು ಇಬ್ಬರದೂ ಆಗಿರುವುದಿಲ್ಲ.

ಎರಡನೆಯ ಗುಣ, ಸಮತೋಲನದ ವಿಚಾರ. ಹಂತಕರು ಹೆಚ್ಚಿದರೆ ಸ್ನೇಹಶೀಲರು ಕಡಿಮೆಯಾಗುತ್ತಾರೆ. ಮಾತಿಗೆ ಜನರಿಲ್ಲವಾದಾಗ ಉಳಿದ ಸ್ನೇಹಶೀಲರೂ ಬಿಟ್ಟು ಹೋಗುತ್ತಾರೆ. ಪಾಠದಲ್ಲಿ ನೀವು ಓದಿರುವ ಬೇಟೆ ಪ್ರಾಣಿ–ಬಲಿ ಪ್ರಾಣಿ ಸಂಬಂಧವನ್ನು ಇದು ನೆನಪಿಸುತ್ತದೆ.

ಪ್ರಬಂಧದ ಮಿತಿ

ಈಗ ಮಾದರಿಯನ್ನು ನೋಡಿ. ಚರ್ಚೆಯಲ್ಲಿ ಮುಖ್ಯವಾಗಿ ಭಾಗವಹಿಸಿದವರು ಸುಮಾರು 15 ಮಂದಿ. ಆಗಾಗ ದನಿಗೂಡಿಸಿದವರು ಇನ್ನೊಂದು 15 ಮಂದಿ. ಇವರೆಲ್ಲ ‘ಮಾಂತ್ರಿಕ’ ಪದವಿಗೆ ಏರಿದ್ದ ನುರಿತ ಆಟಗಾರರು. ಮೊದಲ ವಾರದಲ್ಲೇ ಬೇಸತ್ತು ಹೋದವನು, ಹಂತಕನ ಕಾಟಕ್ಕೆ ಸಿಕ್ಕಿ ಮತ್ತೆ ಬಾರದವಳು ಈ ಚರ್ಚೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ‘ಉಳಿದವರ ಪಕ್ಷಪಾತ’ ಎನ್ನಬಹುದು. ಎರಡನೆಯ ಮಹಾಯುದ್ಧದಲ್ಲಿ ಅಬ್ರಹಾಂ ವಾಲ್ಡ್ ಇದೇ ಸಮಸ್ಯೆಯನ್ನು ಎದುರಿಸಿದ್ದರು. ಮರಳಿ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತುಗಳಷ್ಟೇ ಕೈಗೆ ಸಿಗುತ್ತವೆ. ಬಿದ್ದ ವಿಮಾನಗಳ ಲೆಕ್ಕವನ್ನೂ ಸೇರಿಸದೆ ಯಾವ ಭಾಗ ದುರ್ಬಲವೆಂದು ಹೇಳಲಾಗದು.

ಬಾರ್ಟಲ್ ಇದನ್ನು ಮುಚ್ಚಿಡಲಿಲ್ಲ. ಯಾರು, ಎಷ್ಟು ಮಂದಿ ಎಂಬುದನ್ನು ಪ್ರಬಂಧದಲ್ಲೇ ಹೇಳಿದ್ದಾರೆ. ತಪ್ಪು ಹೆಚ್ಚಾಗಿ ನಡೆದದ್ದು ನಂತರ. ಇತರರು ಈ ವಿಂಗಡಣೆಯನ್ನು ‘ಇದೋ ಅದೋ’ ಎಂಬ ಪ್ರಶ್ನೆಗಳ ಪರೀಕ್ಷೆಯಾಗಿ ಮಾಡಿದರು. ಎರಡರಲ್ಲಿ ಒಂದನ್ನೇ ಆರಿಸಬೇಕಾದಾಗ ಒಂದು ಗುಣ ಏರಿದರೆ ಇನ್ನೊಂದು ಇಳಿಯಲೇಬೇಕು. ಈ ಇಳಿಕೆ ಆಟಗಾರನ ಮನಸ್ಸಿನದಲ್ಲ, ಅಳತೆಗೋಲಿನದು. 2006ರಲ್ಲಿ ನಿಕ್ ಯೀ 3,000 ಆಟಗಾರರ ಉತ್ತರಗಳನ್ನು ವಿಶ್ಲೇಷಿಸಿ ಸಾಧನೆ, ಸಾಮಾಜಿಕತೆ, ತಲ್ಲೀನತೆ ಎಂಬ ಮೂರು ಪ್ರೇರಣೆಗಳನ್ನು ಗುರುತಿಸಿದರು. ಒಂದು ಹೆಚ್ಚಿದ್ದರೆ ಇನ್ನೊಂದು ಕಡಿಮೆಯಾಗಬೇಕಿಲ್ಲವೆಂದು ತೋರಿಸಿದರು. ಇದು ನಿಜವಾದ ಪ್ರಗತಿ. ಆದರೂ ಉತ್ತರಿಸಿದವರು ಆಡುತ್ತಿದ್ದವರೇ. ಬಿಟ್ಟು ಹೋದವರು ಇಲ್ಲೂ ಹೊರಗೇ ಉಳಿದರು.

ನಮ್ಮ ತಾಲ್ಲೂಕುಗಳಲ್ಲಿ

ಇದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಿಕ್ಷಕರಿಗೇನು ಎನ್ನುವಿರಾ? 2022–23ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬಗಳು ನಡೆದವು. ಅವು ಗುಂಪು ಸಾಹಸಗಳೇ ಅಲ್ಲವೇ? ‘ಊರು ತಿಳಿಯೋಣ’ದಲ್ಲಿ ಎಲ್ಲರಿಗಿಂತ ಮುಂದೆ ಓಡಿ ಹಳೆಯ ಬಾವಿ ಹುಡುಕುವ ಹುಡುಗಿ ಅನ್ವೇಷಕಿ. ಪಕ್ಕದ ಊರಿನ ಗೆಳತಿಗಾಗಿಯೇ ಬಂದವಳು ಸ್ನೇಹಶೀಲೆ. ಎಲ್ಲರಿಗಿಂತ ಹೆಚ್ಚು ಮಾದರಿ ಮಾಡಿ ಎಣಿಸುವವನು ಸಾಧಕ. ಕತ್ತರಿ ಕಸಿದು ನಗುವವನೂ ಒಬ್ಬ ಇರುತ್ತಾನೆ. ಇವರನ್ನು ಗುರುತಿಸಲು ಬಾರ್ಟಲ್ ನೆರವಾಗುತ್ತಾರೆ, ಆದರೆ ಹಣೆಪಟ್ಟಿ ಹಚ್ಚಬೇಡಿ. ಬೆಳಿಗ್ಗೆಯ ಸಾಧಕ ಮಧ್ಯಾಹ್ನ ಅನ್ವೇಷಕನಾದಾನು.

ಲೆಕ್ಕ ಎಡವುವುದು ಕೊನೆಯಲ್ಲಿ. ಉದಾಹರಣೆಗೆ, ಮೊದಲ ದಿನ 120 ಮಕ್ಕಳು ಬಂದರು, ಎರಡನೆಯ ದಿನ 90 ಎಂದುಕೊಳ್ಳಿ. ಸಂಜೆ ‘ಚೆನ್ನಾಗಿತ್ತೇ?’ ಎಂದಾಗ 81 ಕೈಗಳು ಮೇಲೆದ್ದವು. ವರದಿಯಲ್ಲಿ ಶೇಕಡ 90 ಎಂದು ಬರೆಯುತ್ತೇವೆ. 120ರಲ್ಲಿ 81 ಎಂದರೆ ಶೇಕಡ 67.5 ಮಾತ್ರ. ಉಳಿದ 30 ಮಕ್ಕಳ ಅಭಿಪ್ರಾಯ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ‘ಚೆನ್ನಾಗಿತ್ತು’ ಎಂಬ ಕಡೆಗೂ ಸೇರಿಸಬಾರದು, ‘ಚೆನ್ನಾಗಿರಲಿಲ್ಲ’ ಎಂಬ ಕಡೆಗೂ ಸೇರಿಸಬಾರದು. ಅವರು ಏಕೆ ಬರಲಿಲ್ಲ ಎಂಬುದೇ ಮುಖ್ಯ ಪ್ರಶ್ನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಯ ಭತ್ತದ ಊರುಗಳಲ್ಲಿ ನಾಟಿ, ಕೊಯ್ಲಿನ ಕೆಲಸ ಇರಬಹುದು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಅಪ್ಪ ಅವ್ವನ ಜೊತೆ ಮಗುವೂ ಗುಳೆ ಹೋಗಿರಬಹುದು. ಅಥವಾ ಮೊದಲ ದಿನ ಯಾರೂ ಅದನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳದೆ ಇರಬಹುದು. ಮೊದಲ ಎರಡಕ್ಕೆ ಹಬ್ಬ ಕಾರಣವಲ್ಲ. ಮೂರನೆಯದಕ್ಕೆ ಹಬ್ಬವೇ ಕಾರಣ. ಕೈ ಎತ್ತಿಸಿ ಎಣಿಸುವ ವಿಧಾನಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ.

ಮಾಡಬೇಕಾದದ್ದು ಕಷ್ಟವಲ್ಲ. ಒಂದು, ಎರಡೂ ದಿನಗಳ ಹಾಜರಿಯನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಎರಡು, ಕೈ ಎತ್ತಿಸುವ ಬದಲು ಹೆಸರಿಲ್ಲದ ಚೀಟಿ ಬರೆಸಿ. ಗೆಳೆಯರನ್ನು ನೋಡಿ ಎದ್ದ ಕೈಗಳು ಆಗ ಕಡಿಮೆಯಾಗುತ್ತವೆ. ಮೂರು, ‘ಚೆನ್ನಾಗಿತ್ತೇ?’ ಎನ್ನುವ ಬದಲು ‘ಯಾವ ಹೊತ್ತಿನಲ್ಲಿ ಮನೆಗೆ ಹೋಗೋಣ ಎನಿಸಿತು?’ ಎಂದು ಕೇಳಿ. ನಾಲ್ಕು, ಬಾರದ ಮಕ್ಕಳಲ್ಲಿ ಐದಾರು ಮಂದಿಯನ್ನು ಚೀಟಿ ಎತ್ತಿ ಆರಿಸಿ, ಅವರ ಮನೆಗೆ ಹೋಗಿ ಮಾತಾಡಿ.

ಬಾರ್ಟಲ್ ಅವರ ಪ್ರಬಂಧವನ್ನು ಓದಲೇಬೇಕು. ಕೇಳಿಸಿಕೊಂಡ ಮೂವತ್ತು ದನಿಗಳಿಂದ ಇಷ್ಟನ್ನು ಹೊರತೆಗೆದದ್ದು ಅದರ ಹಿರಿಮೆ. ಕೇಳಿಸದ ದನಿಗಳನ್ನು ಹುಡುಕುವ ಕೆಲಸ ನಿಮ್ಮದು. ನಿಮ್ಮ ಕ್ಲಸ್ಟರಿನ ಮುಂದಿನ ಹಬ್ಬದಲ್ಲಿ ಆ ಐದಾರು ಮನೆಗಳಿಂದಲೇ ಆರಂಭಿಸಿ ನೋಡಿ.