ಗಣಕಕ್ಕೆ ನೀರಿನ ತಂಪು: ಒಂದು ಖರೀದಿ ಪಟ್ಟಿಯ ವಿಮರ್ಶೆ

ಬಿ.ಟಿ.ಎಂ. ಬಡಾವಣೆಯ ಪರಿಚಿತ ಯುವಕನೊಬ್ಬ ಈಚೆಗೆ ನನ್ನ ಮುಂದೆ ಒಂದು ಪಟ್ಟಿಯನ್ನಿಟ್ಟ. ಅನಿಮೇಷನ್ ಕೆಲಸಕ್ಕಾಗಿ ಅವನು ಜೋಡಿಸುತ್ತಿರುವ ಗಣಕವನ್ನು ನೀರಿನಿಂದ ತಂಪಾಗಿಡಲು ಬೇಕಾದ ಬಿಡಿಭಾಗಗಳ ಪಟ್ಟಿ ಅದು. ಮೊತ್ತ ಎಪ್ಪತ್ತು ಸಾವಿರ ರೂಪಾಯಿ ಮೀರಿತ್ತು. ಸಾಲ ಮಾಡಿ ಕೊಳ್ಳುವವನಿದ್ದ. "ಸರ್, ಏನಾದರೂ ಬಿಟ್ಟುಹೋಗಿದೆಯೇ ನೋಡಿ" ಎಂದ. ಬಿಟ್ಟುಹೋದದ್ದು ಏನೂ ಇರಲಿಲ್ಲ. ಆದರೆ ಹಣ ಹಾಕಬೇಕಾದಲ್ಲಿ ಕೈ ಬಿಗಿಯಾಗಿತ್ತು, ಬೇಡವಾದಲ್ಲಿ ಧಾರಾಳವಾಗಿತ್ತು. ನಾನು ನೋಡಿರುವ ಇಂಥ ಪಟ್ಟಿಗಳೆಲ್ಲ ಹೆಚ್ಚುಕಡಮೆ ಒಂದೇ ಅಚ್ಚಿನವು. ಆದ್ದರಿಂದಲೇ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನೀರು ಉಷ್ಣವನ್ನು ನುಂಗಿಬಿಡುತ್ತದೆ ಎಂಬ ಭಾವನೆ ಹಲವರಲ್ಲಿದೆ. ನೀರು ನುಂಗುವುದಿಲ್ಲ, ಹೊರುತ್ತದೆ. ಸಂಸ್ಕಾರಕದ ಮೇಲೆ ಕೂತ ತಾಮ್ರದ ಬ್ಲಾಕಿನಲ್ಲಿ ಉಷ್ಣವನ್ನು ಪಡೆದು, ರೇಡಿಯೇಟರಿನಲ್ಲಿ ಅದನ್ನು ಗಾಳಿಗೆ ಒಪ್ಪಿಸಿ ಹಿಂತಿರುಗುತ್ತದೆ. ಕೊನೆಗೂ ತಂಪು ಮಾಡುವುದು ಕೋಣೆಯ ಗಾಳಿಯೇ. ಕೋಣೆಯ ತಾಪ 33 ಡಿಗ್ರಿ ಸೆಲ್ಸಿಯಸ್ ಇದ್ದರೆ ನೀರು ಅದಕ್ಕಿಂತ ಕೆಳಗೆ ಇಳಿಯಲಾರದು. ಬೆಂಗಳೂರು ತಂಪು ಊರೆಂಬ ಹಳೆಯ ಹೆಮ್ಮೆಯನ್ನು ಇಲ್ಲಿ ನಂಬುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿನ ತಾಪ 39.2 ಡಿಗ್ರಿ ಮುಟ್ಟಿತ್ತು.

ಹಾಗಾದರೆ ನೀರೇಕೆ? 2023ರಲ್ಲಿ ಬಂದ ಇಂಟೆಲ್ ಐ9-14900ಕೆ ಸಂಸ್ಕಾರಕವನ್ನೇ ತೆಗೆದುಕೊಳ್ಳಿ. ಪೂರ್ಣ ವೇಗದಲ್ಲಿ ಅದು 253 ವ್ಯಾಟ್‌ವರೆಗೆ ಶಕ್ತಿ ಬಳಸುತ್ತದೆ. ಅದರ ಸಿಲಿಕಾನ್ ಬಿಲ್ಲೆಯ ವಿಸ್ತೀರ್ಣ ಸುಮಾರು ಎರಡೂವರೆ ಚದರ ಸೆಂಟಿಮೀಟರ್ ಮಾತ್ರ. ಅಂದರೆ ಚದರ ಸೆಂಟಿಮೀಟರಿಗೆ 100 ವ್ಯಾಟ್. ಮನೆಯ 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅಲ್ಲಿ ಈ ಲೆಕ್ಕ ಬರಿಯ 5 ವ್ಯಾಟ್! ಇಷ್ಟು ಕಿರಿದಾದ ಜಾಗದಿಂದ ಉಷ್ಣವನ್ನು ಎತ್ತಿ ದೊಡ್ಡ ಮೇಲ್ಮೈಗೆ ಹರಡಲು ನೀರಿಗಿಂತ ಒಳ್ಳೆಯ ಹಮಾಲಿ ಸಿಗುವುದು ಕಷ್ಟ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದ ಗಣಕ ಕಪಾಟುಗಳಲ್ಲೂ ದ್ರವವನ್ನು ನೇರವಾಗಿ ಹಾಯಿಸುವ ಏರ್ಪಾಡೇ ಇದೆ. ಆದ್ದರಿಂದ ಯುವಕನ ಆಯ್ಕೆಯನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ.

ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ದುಬಾರಿ ಪಂಪು. ನೀರು ಜೋರಾಗಿ ಹರಿದಷ್ಟೂ ತಂಪು ಹೆಚ್ಚು ಎಂಬುದು ಅವನ ತರ್ಕ. ಲೆಕ್ಕ ಹಾಕಿ ನೋಡೋಣ. ಸಂಸ್ಕಾರಕದ 253 ವ್ಯಾಟ್, ಅವನ ಎನ್ವಿಡಿಯಾ 4090 ಗ್ರಾಫಿಕ್ಸ್ ಕಾರ್ಡಿನ 450 ವ್ಯಾಟ್, ಒಟ್ಟು ಸುಮಾರು 700. ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ, ಡಿಗ್ರಿಗೆ 4.18 ಕಿಲೋಜೂಲ್. ನಿಮಿಷಕ್ಕೆ 4 ಲೀಟರ್ ಹರಿದರೆ, 700 ವ್ಯಾಟನ್ನು ಹೊತ್ತ ನೀರಿನ ತಾಪ ಏರುವುದು ಎರಡೂವರೆ ಡಿಗ್ರಿ. ಹರಿವನ್ನು ಇಮ್ಮಡಿಸಿದರೆ ಅದು ಒಂದೂಕಾಲು ಡಿಗ್ರಿಗೆ ಇಳಿಯುತ್ತದೆ. ಲಾಭ ಅಷ್ಟೆ. ಮೊದಲು ಸಂಸ್ಕಾರಕಕ್ಕೆ ನೀರು ಹೋಗಬೇಕೋ ಕಾರ್ಡಿಗೋ ಎಂದು ಗೆಳೆಯರು ಗಂಟೆಗಟ್ಟಲೆ ವಾದಿಸುವ ವಿಷಯವೂ ಈ ಎರಡೂವರೆ ಡಿಗ್ರಿಯೊಳಗೇ ಮುಗಿಯುತ್ತದೆ.

ಈಗ ರೇಡಿಯೇಟರ್. ಪಟ್ಟಿಯಲ್ಲಿದ್ದದ್ದು ಒಂದೇ ಒಂದು, 360 ಮಿಲಿಮೀಟರಿನದು, ಮೂರು ಫ್ಯಾನುಗಳು. ಪ್ರತಿ ಫ್ಯಾನು ರೇಡಿಯೇಟರಿನ ಹಲ್ಲುಗಳ ಮೂಲಕ ಗಂಟೆಗೆ 50 ಘನಮೀಟರ್ ಗಾಳಿ ನೂಕುತ್ತದೆಂದು ಭಾವಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಹತ್ತಿರಹತ್ತಿರ ಶೇಕಡ 10ರಷ್ಟು ವಿರಳ. ಫ್ಯಾನು ನೂಕುವುದು ಗಾತ್ರವನ್ನು; ಉಷ್ಣ ಹೊರುವುದು ದ್ರವ್ಯರಾಶಿ. ಘನಮೀಟರಿಗೆ ಸುಮಾರು 1.04 ಕಿಲೋಗ್ರಾಮ್ ಎಂದು ಹಿಡಿದರೆ, ಈ ಗಾಳಿ 700 ವ್ಯಾಟ್ ಹೊತ್ತು ಹೊರಬರುವಾಗ 16 ಡಿಗ್ರಿ ಬಿಸಿಯಾಗಿರುತ್ತದೆ. ಕೋಣೆ 33 ಇದ್ದರೆ ಹೊರಬರುವ ಗಾಳಿ 49. ಯಾವ ರೇಡಿಯೇಟರೂ ಪರಿಪೂರ್ಣವಲ್ಲ. ನೀರು ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಇಂಥ ಪಂಪುಗಳಲ್ಲಿ ಹಲವಕ್ಕೆ ನೀರು 60 ಡಿಗ್ರಿ ದಾಟಕೂಡದು. ನೀರಿಗೂ ಸಿಲಿಕಾನಿಗೂ ನಡುವೆ ಮತ್ತೆ 35-40 ಡಿಗ್ರಿ ಅಂತರವಿದ್ದರೆ ಸಂಸ್ಕಾರಕ ತನ್ನ 100 ಡಿಗ್ರಿ ಮಿತಿಯ ಹೊಸಿಲಲ್ಲೇ ಕೂತಿರುತ್ತದೆ. ಅದೇ ಅಳತೆಯ ಇನ್ನೊಂದು ರೇಡಿಯೇಟರ್ ಸೇರಿಸಿ: 16 ಡಿಗ್ರಿ 8ಕ್ಕೆ ಇಳಿಯುತ್ತದೆ, ನೀರು 44ರ ಆಸುಪಾಸು. ಯಾವ ಪಂಪೂ ಇದನ್ನು ಮಾಡಿಕೊಡಲಾರದು. ತಂಪು ನಾಡಿನ 20 ಡಿಗ್ರಿ ಕೋಣೆಯಲ್ಲಿ ಸರಿಯಾಗಿದ್ದ ಪಟ್ಟಿ ಬಿ.ಟಿ.ಎಂ.ನ ಎರಡನೆಯ ಮಹಡಿಯ, ಪಡುವಣ ಗೋಡೆಯ ಕೋಣೆಗೆ ಒಗ್ಗದೆ ಹೋಗುವುದು ಹೀಗೆ. ಬಾಗಿಲು ಮುಚ್ಚಿದರಂತೂ ಆ 700 ವ್ಯಾಟ್ ಕೋಣೆಗೆ ಹಚ್ಚಿಟ್ಟ ಹೀಟರ್.

ಇನ್ನೊಂದು ದೋಷ ಇದಕ್ಕಿಂತ ಗಂಭೀರ. ಬ್ಲಾಕುಗಳು ನಿಕಲ್ ಲೇಪಿತ ತಾಮ್ರದವು, ಅಗ್ಗವೆಂದು ಆರಿಸಿದ ರೇಡಿಯೇಟರ್ ಅಲ್ಯೂಮಿನಿಯಮಿನದು. ತಾಮ್ರದ ಪ್ರಮಾಣ ವಿದ್ಯುದಗ್ರ ವಿಭವ +0.34 ವೋಲ್ಟ್, ಅಲ್ಯೂಮಿನಿಯಮಿನದು -1.66. ಒಂದೇ ನೀರಿನಲ್ಲಿ ಇವೆರಡನ್ನೂ ಇಟ್ಟರೆ ನೀವು ಕಟ್ಟಿದ್ದು ತಂಪುಯಂತ್ರವನ್ನಲ್ಲ, ವಿದ್ಯುತ್ಕೋಶವನ್ನು! ಆಕ್ಸೈಡ್ ಪೊರೆ ಅಲ್ಯೂಮಿನಿಯಮನ್ನು ಕೆಲಕಾಲ ಕಾಯುತ್ತದೆ, ನಿಜ. ಪೊರೆ ತೂತಾದ ಕಡೆ ಲೋಹ ಕರಗುತ್ತ ಹೋಗುತ್ತದೆ. ಕರಗಿದ್ದು ಬ್ಲಾಕಿನೊಳಗಿನ ಅರ್ಧ ಮಿಲಿಮೀಟರಿಗೂ ಕಿರಿದಾದ ಸಂದುಗಳಲ್ಲಿ ಕೆಸರಾಗಿ ಕೂರುತ್ತದೆ. ತುಕ್ಕುನಿರೋಧಕ ಬೆರೆಸಿದರೆ ಈ ಕ್ರಿಯೆ ನಿಧಾನವಾಗುತ್ತದೆ, ನಿಲ್ಲುತ್ತದೆಂಬ ಭರವಸೆಯಿಲ್ಲ. ತಾಮ್ರ ಅಥವಾ ಹಿತ್ತಾಳೆಯ ರೇಡಿಯೇಟರಿಗೆ ಹೆಚ್ಚು ಹಣ ಕೊಡುವುದೇ ಮೇಲು.

ದ್ರವದ ವಿಷಯದಲ್ಲಿ ಜನರ ಸಾಹಸಗಳು ಹಲವು. ನಲ್ಲಿಯ ಕಾವೇರಿ ನೀರು, ಕೊಳವೆಬಾವಿ ನೀರು ಎರಡೂ ಬೇಡ. ಗೀಸರಿನ ಕಾಯಿಲ್ ಮೇಲೆ ಬಿಳಿ ಗಟ್ಟಿ ಪದರವನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಶುದ್ಧ ಆಸವಿತ ನೀರಿಗೆ ನಿರೋಧಕ ಬೆರೆಸಿದರೆ ಸಾಕು. ಆಸವಿತ ನೀರು ವಿದ್ಯುತ್ತನ್ನು ಒಯ್ಯದು, ಸೋರಿದರೂ ಅಪಾಯವಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ಲೋಹಗಳೊಡನೆ ಸುತ್ತಿದ ನೀರು ಅಯಾನುಗಳನ್ನು ಹೀರಿಕೊಂಡು ವಾಹಕವಾಗುತ್ತದೆ. ಪಟ್ಟಿಯಲ್ಲಿದ್ದ ಹಾಲಿನಂಥ ನೀಲಿ ದ್ರವದ ಕಣಗಳೂ ಮೇಲೆ ಹೇಳಿದ ಸಂದುಗಳಲ್ಲೇ ತಂಗುತ್ತವೆ. ದೀಪಗಳು, ಗಾಜಿನಂಥ ಗಟ್ಟಿ ಕೊಳವೆಗಳು ನೋಡುವವರ ಸುಖಕ್ಕೆ. ತಾಪಕ್ಕೂ ಅವಕ್ಕೂ ಸಂಬಂಧವಿಲ್ಲ.

ಹೊಸ ಪಟ್ಟಿಯಲ್ಲಿ ಸಾಧಾರಣ ಪಂಪು, ಮೆದು ಕೊಳವೆ, ಎರಡು ತಾಮ್ರದ ರೇಡಿಯೇಟರುಗಳು, ಹೊರವರ್ತುಲ ರಸ್ತೆಯ ದೂಳು ತಡೆಯಲು ಜಾಲರಿ. ಮೊತ್ತ ಹೆಚ್ಚಲಿಲ್ಲ. ಸಂಸ್ಕಾರಕದ ಶಕ್ತಿಮಿತಿಯನ್ನು ಸ್ವಲ್ಪ ತಗ್ಗಿಸಿ, ಕೆಲಸ ಎಷ್ಟು ನಿಧಾನವಾಗುತ್ತದೆಂದು ಮೊದಲು ಗಡಿಯಾರ ಹಿಡಿದು ನೋಡು ಎಂದೂ ಹೇಳಿದ್ದೇನೆ, ಅದಕ್ಕೆ ಖರ್ಚಿಲ್ಲ. ಈಗ ಉಳಿದಿರುವ ತೊಡಕು ಒಂದೇ: ಎರಡನೆಯ ರೇಡಿಯೇಟರ್ ಅವನ ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದೆಯೇ? ಒಳ ಅಳತೆ ತೆಗೆದುಕೊಂಡು ಭಾನುವಾರ ಬರುತ್ತೇನೆಂದಿದ್ದಾನೆ.