ತಾಯಿಯ ದಾರಿ, ಮಗನ ಹಾಡು

ನೈಜೀರಿಯಾದ ಹಾಡುಗಾರ ಫೆಲಾ ಕುಟಿ 1997ರಲ್ಲಿ ತೀರಿಕೊಂಡಾಗ ಲೇಗಾಸಿನ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದರು. ಅವರನ್ನು ಯಾರೂ ಲಾರಿಯಲ್ಲಿ ತುಂಬಿ ತಂದಿರಲಿಲ್ಲ. ಯಾಕೆ ಬಂದರು ಅನ್ನೋದನ್ನ ನಾವು ತಿಳಿಯಬೇಕು. ಅವನ ಒಂದು ಹಾಡನ್ನ ಯಾಕೆ ಒಪ್ಪಲಾರೆವು ಅನ್ನೋದನ್ನೂ ಹೇಳಬೇಕು.

ಫೆಲಾ ಬಡವರ ಮನೆಯಲ್ಲಿ ಹುಟ್ಟಿದವನಲ್ಲ. ಅಪ್ಪ ಪಾದ್ರಿ, ಶಾಲೆಯ ಮುಖ್ಯೋಪಾಧ್ಯಾಯ. 1958ರಲ್ಲಿ ಲಂಡನ್ನಿಗೆ ಹೋಗಿ ಸಂಗೀತ ಕಲಿತ. ಆದರೂ ಓದಿದವರ ಇಂಗ್ಲಿಷು ಬಿಟ್ಟು, ಸಂತೆ ಬೀದಿಯ ಜನ ಆಡುವ ಪಿಜಿನ್‌ನಲ್ಲಿ ಹಾಡಿದ. ಯೊರುಬಾ ತಾಳ, ಹೈಲೈಫ್, ಕರಿಯ ಅಮೆರಿಕನ್ನರ ಜಾಝ್, ಫಂಕ್ ಎಲ್ಲ ಕೂಡಿಸಿ 'ಆಫ್ರೋಬೀಟ್' ಕಟ್ಟಿದ. ಡ್ರಮ್ಮಿನಲ್ಲಿ ಅದಕ್ಕೆ ಬೆನ್ನೆಲುಬಾದವನು ಟೋನಿ ಅಲೆನ್. ಹೆಸರಿನೊಳಗಿನ 'ರಾನ್ಸಮ್' ಗುಲಾಮಗಿರಿಯ ಗುರುತು ಅಂತ ಕಿತ್ತೆಸೆದ.

1976ರ 'ಜಾಂಬಿ' ಹಾಡು, ಹೇಳಿದಂತೆ ಕುಣಿಯುವ ಸೈನಿಕರನ್ನು ನಡೆದಾಡುವ ಹೆಣಗಳೆಂದು ಗೇಲಿ ಮಾಡಿತು. 1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸೈನಿಕರು ಅವನ 'ಕಲಾಕುಟಾ'ಕ್ಕೆ ನುಗ್ಗಿ ಬೆಂಕಿ ಇಟ್ಟರು. ಎಪ್ಪತ್ತಾರು ವರ್ಷದ ತಾಯಿ ಫುನ್ಮಿಲಾಯೊ ಅವರನ್ನು ಕಿಟಕಿಯಿಂದ ಎಸೆದರು. ಮರುವರ್ಷ ಆಕೆ ತೀರಿಕೊಂಡರು. ತನಿಖೆ ನಡೆಸಿದವರು 'ಯಾರೋ ಗೊತ್ತಿಲ್ಲದ ಸೈನಿಕ' ಅಂದು ಕೈತೊಳೆದುಕೊಂಡರು. ಫೆಲಾ ಆ ಸುಳ್ಳನ್ನೇ ಹಾಡು ಮಾಡಿದ.

ಈ ತಾಯಿ ಯಾರು? ಅಬಿಯೊಕುಟಾದ ಸಂತೆಯ ಹೆಂಗಸರನ್ನು ಸಂಘಟಿಸಿ, ಕಂದಾಯದ ವಿರುದ್ಧ ಹೋರಾಡಿ, 1949ರಲ್ಲಿ ರಾಜನೇ ಗದ್ದಿಗೆ ಬಿಡುವಂತೆ ಮಾಡಿದವರು. ಇನ್ನು 1969ರಲ್ಲಿ ಲಾಸ್ ಏಂಜಲೀಸಿನಲ್ಲಿ ಫೆಲಾನಿಗೆ ಕರಿಯರ ರಾಜಕೀಯ ಕಲಿಸಿದವಳು ಸಾಂಡ್ರಾ ಇಝಡೋರ್. ಅವನ ಸಿಟ್ಟಿಗೆ ದಾರಿ ತೋರಿದವರು ಹೆಂಗಸರು.

ಅಂಥವನು 1972ರಲ್ಲಿ 'ಲೇಡಿ' ಹಾಡಿದ. ಗಂಡಸಿಗೆ ಸಮ ನಿಲ್ಲುತ್ತೇನೆ ಅನ್ನುವ ಹೆಣ್ಣನ್ನು ಹಂಗಿಸಿದ; ಗಂಡೇ ಒಡೆಯ ಅಂತ ಒಪ್ಪಿ ಅಡುಗೆ ಮಾಡುವವಳೇ ನಿಜವಾದ ಆಫ್ರಿಕದ ಹೆಣ್ಣು ಅಂದ. ಅದು ಅಲ್ಲಿಯ ಸಂಸ್ಕೃತಿ, ನಾವ್ಯಾಕೆ ಮಾತಾಡಬೇಕು ಅಂತ ಕೆಲವರು ಕೇಳಬಹುದು. ಹಂಗಲ್ಲ. ಅದೇ ನೆಲದಲ್ಲಿ, ಅದೇ ಮನೆಯಲ್ಲಿ ಫುನ್ಮಿಲಾಯೊ ಇದ್ದರಲ್ಲ! 'ಲೇಡಿ'ಗೆ ಉತ್ತರ ಅವನ ಮನೆಯೊಳಗೇ ಇತ್ತು. ಕಲಾಕುಟಾ ಸುಟ್ಟ ದಿನ ಸೈನಿಕರ ಏಟನ್ನೂ ಅತ್ಯಾಚಾರವನ್ನೂ ಉಂಡವರು ಅವನ ಜೊತೆ ಹಾಡಿ ಕುಣಿದ ಹೆಣ್ಣುಮಕ್ಕಳು. ಆ ಹಿಮ್ಮೇಳದ ಹೆಸರು ಎಷ್ಟು ಜನರಿಗೆ ಗೊತ್ತು?

ಪ್ರಭುತ್ವಕ್ಕೆ ಹೆದರದ ಫೆಲಾ ನಮಗೆ ಬೇಕು. ಆದರೆ ಅವನನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕೋದು ಬೇಡ. ನಾವೂ ಹೋರಾಟದ ಹಾಡು ಕಟ್ಟುವವರು. ನಮ್ಮ ಮೇಳದಲ್ಲಿ ಹೆಣ್ಣು ಎಲ್ಲಿ ನಿಂತಿದ್ದಾಳೆ ಅಂತ ಮೊದಲು ನೋಡಿಕೊಳ್ಳೋಣ.